ಗ್ಲಾಸ್ಗೋ ಪೈಪಿಂಗ್ ವಾರಾಂತ್ಯ: ಶ್ರುತಿ ನಿಲ್ಲಿಸುವುದು ಹೇಗೆ?

ಪ್ರಶ್ನೆ: ಆಗಸ್ಟ್‌ನಲ್ಲಿ ಗ್ಲಾಸ್ಗೋದ ‘ಪೈಪಿಂಗ್ ಲೈವ್’ ಉತ್ಸವದ ಸಂಗೀತ ಕಛೇರಿಗಳ ಜೊತೆ ಎರಡು ದಿನದ ಕಾರ್ಯಾಗಾರಕ್ಕೂ ಸೇರುತ್ತಿದ್ದೇನೆ. ಹೈಲ್ಯಾಂಡ್ ಪೈಪ್ (ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್, ಚೀಲದ ಗಾಳಿಯಿಂದ ನುಡಿಯುವ ವಾದ್ಯ) ಸ್ವಲ್ಪ ಹೊತ್ತು ನುಡಿಸುವಷ್ಟರಲ್ಲಿ ಮೇಲಿನ ‘ಎ’ ಸ್ವರದ ಶ್ರುತಿ ಏರುತ್ತೆ, ಡ್ರೋನ್‌ಗಳು (ಒಂದೇ ಸ್ವರ ಹಿಡಿದು ನುಡಿಯುವ ಮೂರು ಕೊಳವೆಗಳು) ಕೂಡುವುದಿಲ್ಲ. ಏನು ಮಾಡಲಿ? ಏನೇನು ಒಯ್ಯಲಿ?

ಉತ್ತರ 1: ಹತ್ತು ನಿಮಿಷ ನುಡಿಸಿ ಚಾಂಟರ್ (ಬೆರಳಾಡಿಸಿ ರಾಗ ನುಡಿಸುವ ಕೊಳವೆ) ಬೆಚ್ಚಗಾಗಲಿ, ಅಲ್ಲಿಯತನಕ ಅದರ ರಂಧ್ರಗಳಿಗೆ ಅಂಟಿಸಿದ ಟೇಪ್ ಮುಟ್ಟಬೇಡಿ. ಮೇಲಿನ ‘ಎ’ ಒಂದೇ ಏರಿದ್ದರೆ ಆ ರಂಧ್ರದ ಮೇಲಂಚಿನ ಟೇಪನ್ನು ಕೂದಲೆಳೆಯಷ್ಟು ಕೆಳಗೆ ಸರಿಸಿ. ಮೇಲಿನ ಸ್ವರಗಳೆಲ್ಲ ಏರಿದ್ದರೆ ಚಾಂಟರ್ ತುದಿಯ ರೀಡನ್ನು (ಕಂಪಿಸಿ ನಾದ ಹುಟ್ಟಿಸುವ ಪೀಪಿ) ತುಸು ಮೇಲೆತ್ತಿ, ಬುಡಕ್ಕೆ ಎರಡು ಸುತ್ತು ದಾರ ಹಾಕಿ ಕೂರಿಸಿ. ಎತ್ತಿದಾಗ ಮೇಲಿನವು ಹೆಚ್ಚು ಇಳಿಯುತ್ತವೆ, ಕೆಳಗಿನವು ಕಡಿಮೆ.

ಆಮೇಲೆ ಡ್ರೋನ್. ಮೂರರಲ್ಲಿ ಎರಡು ಗಿಡ್ಡ ಕೊಳವೆಗಳು ಟೆನರ್, ಉದ್ದದ್ದು ಬಾಸ್. ಒಂದು ಟೆನರ್ ಮಾತ್ರ ಬಿಟ್ಟು ಉಳಿದೆರಡನ್ನು ನಿಲ್ಲಿಸಿ, ಕೆಳಗಿನ ‘ಎ’ ಹಿಡಿಯಿರಿ. ‘ವಂವ್ ವಂವ್’ ಎಂಬ ಅಲೆ ನಿಧಾನವಾಗುತ್ತಾ ಪೂರ್ತಿ ನಿಂತರೆ ಕೂಡಿತು ಎಂದರ್ಥ. ಡ್ರೋನ್ ಉದ್ದ ಮಾಡಿದರೆ ಶ್ರುತಿ ಇಳಿಯುತ್ತೆ, ಗಿಡ್ಡ ಮಾಡಿದರೆ ಏರುತ್ತೆ. ನಂತರ ಇನ್ನೊಂದು ಟೆನರ್, ಕೊನೆಗೆ ಬಾಸ್.

ಉತ್ತರ 2: ಟೇಪಿಗಿಂತ ಮೊದಲು ಒತ್ತಡ ನೋಡಿ. ಉಸಿರು ಎಳೆದುಕೊಳ್ಳುವಾಗ ತೋಳು ಚೀಲವನ್ನು ಅಷ್ಟೇ ಬಿಗಿಯಾಗಿ ಒತ್ತದಿದ್ದರೆ ಯಾವ ಶ್ರುತಿಯೂ ನಿಲ್ಲದು. ಬಹುತೇಕ ತೊಂದರೆ ಇಲ್ಲೇ ಇರುತ್ತೆ! ಚೀಲ ಸೋರುತ್ತಿದೆಯೇ ಎಂದೂ ಪರೀಕ್ಷಿಸಿ: ಡ್ರೋನ್ ಮತ್ತು ಚಾಂಟರ್ ಕೂರುವ ಬಾಯಿಗಳಿಗೆ ಬಿರಡೆ ಹಾಕಿ, ಗಟ್ಟಿಯಾಗಿ ಊದಿ, ಒತ್ತಿ ಹಿಡಿಯಿರಿ.

ಉತ್ತರ 3: ಪ್ರಾಕ್ಟೀಸ್ ಚಾಂಟರ್ (ಚೀಲವಿಲ್ಲದ, ನೇರ ಬಾಯಿಂದ ಊದುವ ಅಭ್ಯಾಸದ ಕೊಳವೆ) ಮರೆಯಬೇಡಿ, ಬೆರಳಿನ ಪಾಠವೆಲ್ಲ ಅದರ ಮೇಲೇ. ಜೊತೆಗೆ ಪಳಗಿದ ಒಂದು ಹೆಚ್ಚುವರಿ ರೀಡ್, ದಾರ, ಟೇಪ್, ಕಿವಿಗೆ ಪ್ಲಗ್. ಹಳೆಯ ಪೈಪಿಗೆ ದಂತದ ಬಳೆಗಳಿದ್ದರೆ ಪರವಾನಗಿಯಿಲ್ಲದೆ ಗಡಿ ದಾಟಿಸಬೇಡಿ.