ತುಟಿ ಮೇಲೆ ಮತ್ತೆ ಜ್ವರಗುಳ್ಳೆ, ಉರಿ ಕಡಿಮೆ ಆಗಲು ಮನೆಯಲ್ಲೇ ಏನು ಮಾಡಬಹುದು?

ಮಳೆಹನಿ:
ನಿನ್ನೆ ಸಂಜೆಯಿಂದ ಕೆಳತುಟಿಯ ಎಡಗಡೆ ಚುರುಚುರು ಅನ್ನುತ್ತಿತ್ತು. ಬೆಳಿಗ್ಗೆ ಕನ್ನಡಿ ನೋಡಿದರೆ ಸಾಸಿವೆ ಕಾಳಿನಷ್ಟು ನಾಲ್ಕೈದು ನೀರುಗುಳ್ಳೆ, ಒಂದಕ್ಕೊಂದು ಅಂಟಿಕೊಂಡು ಎದ್ದಿವೆ. ವರ್ಷಕ್ಕೆ ಎರಡು ಮೂರು ಸಲ ಹೀಗಾಗುತ್ತದೆ, ಜಾಗವೂ ಅದೇ. ಯಾರೋ ಹೇಳಿದರು ಅಂತ ರಾತ್ರಿ ಟೂತ್‌ಪೇಸ್ಟ್ ಹಚ್ಚಿ ಮಲಗಿದೆ, ಉರಿ ಇನ್ನೂ ಜಾಸ್ತಿ ಆಯಿತು. ಅಕ್ಕನಿಗೆ ಹೆರಿಗೆಯಾಗಿ 12 ದಿನ, ಭಾನುವಾರ ಮಗು ನೋಡಲು ಹೋಗಬೇಕು ಅಂತ ಆಸೆ. ಅಷ್ಟರೊಳಗೆ ಕಡಿಮೆ ಆಗುವಂಥ ಮನೆಮದ್ದು ಇದ್ದರೆ ಹೇಳಿ.

ತಂಗಾಳಿ:
ಮೊದಲು ಆ ಟೂತ್‌ಪೇಸ್ಟ್ ಬಿಡಿ. ನಿಂಬೆರಸ, ಸ್ಪಿರಿಟ್ ಕೂಡ ಬೇಡ, ಚರ್ಮ ಸುಟ್ಟು ಗಾಯ ದೊಡ್ಡದಾಗುತ್ತದೆ ಅಷ್ಟೇ. ನನಗೂ ಕಾಲೇಜು ದಿನಗಳಿಂದ ಇದೇ ಕಾಟ. ಐಸ್ ತುಂಡನ್ನು ತೆಳು ಬಟ್ಟೆಯಲ್ಲಿ ಸುತ್ತಿ ಐದು ಹತ್ತು ನಿಮಿಷ ಮೆಲ್ಲಗೆ ಒತ್ತಿಟ್ಟುಕೊಳ್ಳಿ, ದಿನಕ್ಕೆ ನಾಲ್ಕೈದು ಸಲ. ಐಸ್ ನೇರವಾಗಿ ಇಡಬೇಡಿ. ಮೊದಲ ಎರಡು ದಿನ ನನಗೆ ಇದರಷ್ಟು ಹಿತ ಬೇರೆ ಯಾವುದೂ ಕೊಟ್ಟಿಲ್ಲ. ಆಮೇಲೆ ಗುಳ್ಳೆ ಒಡೆದು, ನೀರು ಸೋರಿ, ಹಳದಿ ಹಕ್ಕಳೆ ಕಟ್ಟುತ್ತದೆ, ಆಗ ನಿಜವಾದ ಕಷ್ಟ ಶುರು, ಆಕಳಿಸಿದರೂ ನಕ್ಕರೂ ಹಕ್ಕಳೆ ಬಿರಿದು ರಕ್ತ ಬರುತ್ತದೆ. ಅದಕ್ಕೆ ಹತ್ತಿ ಕಡ್ಡಿಯಲ್ಲಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಮೆತ್ತಗೆ ಇಟ್ಟುಕೊಳ್ಳಿ. ಒಂದು ಸಲ ಬಳಸಿದ ಕಡ್ಡಿಯನ್ನು ಮತ್ತೆ ಡಬ್ಬಿಗೆ ಅದ್ದಬೇಡಿ. ಹುಳಿ, ಖಾರ, ಉಪ್ಪು ಜಾಸ್ತಿ ಇರುವುದು ಸ್ವಲ್ಪ ದಿನ ಬೇಡ.

ಬಿಳಿಕೋಟು:
ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅದು ಉರಿ ತಗ್ಗಿಸುತ್ತದೆ, ವೈರಸ್ ಓಡಿಸುವುದಿಲ್ಲ. ಇದು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್, ಸಾಮಾನ್ಯವಾಗಿ 1ನೇ ಬಗೆಯದು. ಒಮ್ಮೆ ಒಳಗೆ ಬಂದರೆ ಮುಖದ ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ಜ್ವರ, ಬಿಸಿಲು, ನಿದ್ದೆಗೇಡು, ಮನಸ್ಸಿನ ಒತ್ತಡ, ಮುಟ್ಟು, ಇಂಥ ನೆಪ ಸಿಕ್ಕಾಗ ಅದೇ ನರದ ದಾರಿಯಲ್ಲಿ ಇಳಿದು ಬರುತ್ತದೆ. ಅದಕ್ಕೇ ನಿಮಗೆ ಪ್ರತಿ ಸಲ ಅದೇ ಜಾಗ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನ ಪ್ರಕಾರ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಇದು ಇದೆ.

ವೈರಸ್ ಬೆಳೆಯದಂತೆ ತಡೆಯುವ ಎಸೈಕ್ಲೋವಿರ್ ಕ್ರೀಮ್ ಅನ್ನು ದಿನಕ್ಕೆ ಐದು ಸಲ ಹಚ್ಚುತ್ತಾರೆ. ಚುರುಚುರು ಶುರುವಾದಾಗಲೇ ಹಚ್ಚಿದರೆ ಒಂದಷ್ಟು ಬೇಗ ವಾಸಿಯಾಗುತ್ತದೆ, ತಡವಾದರೆ ಲಾಭ ಕಡಿಮೆ. ಪದೇ ಪದೇ ಬರುವುದರಿಂದ ಮಾತ್ರೆ ಬಗ್ಗೆ ವೈದ್ಯರನ್ನು ಕೇಳಿ. ಸ್ಟೀರಾಯ್ಡ್ ಇರುವ ಮುಲಾಮನ್ನು ನೀವಾಗಿಯೇ ಹಚ್ಚಿಕೊಳ್ಳಬೇಡಿ.

ಇನ್ನು ಭಾನುವಾರದ ಮಾತು. ದಯವಿಟ್ಟು ಹೋಗಬೇಡಿ. ಹುಟ್ಟಿ ಕೆಲವೇ ವಾರದ ಮಗುವಿಗೆ ಈ ವೈರಸ್ ತಗುಲಿದರೆ ಲಿವರ್‌ಗೆ, ಮೆದುಳಿಗೆ ಹರಡಬಹುದು, ಪ್ರಾಣಕ್ಕೇ ಅಪಾಯ. ಒಂದು ಮುತ್ತು ಸಾಕು. ಗುಳ್ಳೆ ಮುಟ್ಟಿದ ಕೈಯಿಂದಲೂ ದಾಟಬಹುದು.

ದಾರಿಹೋಕ:
ಜೇನುತುಪ್ಪದಿಂದ ವಾಸಿಯಾಗುತ್ತದೆ ಅಂತಾರಲ್ಲ, ನಿಜಾನಾ?

ಬಿಳಿಕೋಟು:
ನ್ಯೂಜಿಲೆಂಡಿನಲ್ಲಿ 952 ಜನರಲ್ಲಿ ಅರ್ಧದಷ್ಟು ಜನಕ್ಕೆ ಕಾನುಕಾ (ಅಲ್ಲಿನ ಒಂದು ಮರ) ಹೂವಿನ ಜೇನಿನ ಕ್ರೀಮ್, ಉಳಿದವರಿಗೆ ಎಸೈಕ್ಲೋವಿರ್ ಕ್ರೀಮ್ ಹಚ್ಚಿ ನೋಡಿದ್ದಾರೆ, 2019ರಲ್ಲಿ ಪ್ರಕಟವಾಯಿತು. ಎಸೈಕ್ಲೋವಿರ್ ಕ್ರೀಮಿಗೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಎರಡರಲ್ಲೂ ಎಂಟೊಂಬತ್ತು ದಿನ ಹಿಡಿಯಿತು. ಆದರೆ ಅದು ಶುದ್ಧೀಕರಿಸಿದ, ಔಷಧಕ್ಕೆಂದೇ ತಯಾರಿಸಿದ ಜೇನು. ಅಡುಗೆಮನೆ ಬಾಟಲಿಯದಕ್ಕೆ ಆ ಮಾತು ಹೇಳಲಾರೆ.

ನೀಲಿಕೊಡೆ:
ಕಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. ಗುಳ್ಳೆ ಮುಟ್ಟಿ ಕಣ್ಣು ಉಜ್ಜಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಇನ್ನೂ ಹುಷಾರು. ನನ್ನ ತಮ್ಮನಿಗೆ ಕಣ್ಣು ಕೆಂಪಾಗಿ, ಬೆಳಕು ನೋಡಿದರೆ ಚುಚ್ಚಿದ ಹಾಗೆ ಆಗುತ್ತಿತ್ತು, ಸುಮ್ನೆ ಧೂಳು ಬಿದ್ದಿರಬೇಕು ಅಂತ ಎರಡು ದಿನ ಕಳೆದ. ವೈದ್ಯರು ನೋಡಿ ಹರ್ಪಿಸ್ ಅಂದರು. ದೃಷ್ಟಿ ಉಳಿಯಿತು, ಆದರೆ ಆ ಎರಡು ದಿನ ಕಳೆಯಬಾರದಿತ್ತು.

ಮಳೆಹನಿ:
ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ, ವಿಡಿಯೋ ಕಾಲ್‌ನಲ್ಲಿ ಮಗು ತೋರಿಸಿದಳು. ಟವೆಲ್, ಲೋಟ ಬೇರೆ ಇಟ್ಟಿದ್ದೇನೆ. ಐಸ್ ಇಟ್ಟಮೇಲೆ ಉರಿ ಎಷ್ಟೋ ವಾಸಿ, ತುಂಬಾ ಥ್ಯಾಂಕ್ಸ್.

ಮಳೆಹನಿ (10 ದಿನದ ನಂತರ):
ನಿನ್ನೆ ಹಕ್ಕಳೆ ತಾನಾಗೇ ಬಿತ್ತು. ಕೆಳಗೆ ತಿಳಿಗೆಂಪು ಚರ್ಮ, ನೋವಿಲ್ಲ, ಒದ್ದೆ ಇಲ್ಲ. ಈಗ ಹೋಗಬಹುದು ಅಲ್ವಾ?

ಬಿಳಿಕೋಟು:
ಚರ್ಮ ಪೂರ್ತಿ ಮುಚ್ಚಿದ್ದರೆ ಹೋಗಿ ಬನ್ನಿ. ಸೋಪು ಹಾಕಿ ಕೈ ತೊಳೆದು ಎತ್ತಿಕೊಳ್ಳಿ. ಮುತ್ತು ಮಾತ್ರ ಈಗಲೇ ಬೇಡ, ಗುಳ್ಳೆ ಇಲ್ಲದಾಗಲೂ ಕೆಲವೊಮ್ಮೆ ಎಂಜಲಿನಲ್ಲಿ ವೈರಸ್ ಇರುತ್ತದೆ.