ಅಪ್‌ಡೇಟ್: ಐ3ಯೇ ತಗೊಂಡೆ, ಕಂಪ್ಯೂಟರ್ ಶುರುವಾಯ್ತು

ತಂಗಿಯ ಬಿ.ಕಾಂ. ಓದು, ಟ್ಯಾಲಿ, ನನ್ನ ಸ್ವಲ್ಪ ಫೋಟೋ ಎಡಿಟಿಂಗ್‌ಗೆ ಇಂಟೆಲ್‌ನ ಐ3-12100 ಪ್ರೊಸೆಸರ್ ಸಾಕಾ, ಐ5-12400 ಬೇಕಾ ಅಂತ ಕೇಳಿದ್ದೆನಲ್ಲ, ಐ3ಯೇ ತಗೊಂಡೆ. ಐ5ರ 6 ಕೋರಿನ (ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕ) ಬದಲು ಇದರಲ್ಲಿ 4 ಕೋರ್, ಆದ್ರೆ ನಮ್ಮ ಕೆಲಸಕ್ಕೆ ಧಾರಾಳ ಆಯ್ತು. ಉಳಿದ ದುಡ್ಡಲ್ಲಿ ರ‍್ಯಾಮ್ 8 ಜಿಬಿಯಿಂದ 16ಕ್ಕೆ ಏರಿತು, ಹಾರ್ಡ್ ಡಿಸ್ಕ್ ಜಾಗಕ್ಕೆ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಬಂತು. ನಿಜವಾದ ವ್ಯತ್ಯಾಸ ಕಾಣುವುದು ಅಲ್ಲೇ ಮಾರಾಯ್ರೇ.

ಪ್ರೊಸೆಸರ್ ಹೆಸರಿನ ಕೊನೆಯ ‘ಎಫ್’ ಬಗ್ಗೆ ಎಚ್ಚರಿಸಿದವರಿಗೆ ತುಂಬಾ ಥ್ಯಾಂಕ್ಸ್. ಮಂಗಳೂರು ಹಂಪನಕಟ್ಟೆಯ ಅಂಗಡಿಯಲ್ಲಿ ರೇಟು ಕಮ್ಮಿ ಉಂಟು ಅಂತ 12100ಎಫ್ ಬಾಕ್ಸನ್ನೇ ಕೈಗಿಟ್ಟಿದ್ರು. ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದಿದ್ರೆ ಸ್ಕ್ರೀನಲ್ಲಿ ಏನೂ ಬರುವುದಿಲ್ಲ. ವಾಪಸ್ ಕೊಟ್ಟು ಎಫ್ ಇಲ್ಲದ್ದು ಕೇಳಿ ತಗೊಂಡೆ.

ಜೋರು ಮಳೆ. ಎಲ್ಲವನ್ನೂ ಎರಡೆರಡು ಪ್ಲಾಸ್ಟಿಕ್ಕಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಸುರತ್ಕಲ್ ಬಸ್ಸಲ್ಲಿ ಬಂದೆ. ಪ್ರೊಸೆಸರಿನ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಮದರ್‌ಬೋರ್ಡಿನಲ್ಲಿ ಅದು ಕೂರುವ ಸಾಕೆಟ್ಟಿನ ಗುರುತಿಗೆ ಹೊಂದಿಸಿ ಲಿವರ್ ಒತ್ತುವಾಗ ಕರಕರ ಸದ್ದು ಬಂದು ಎದೆ ಧಸಕ್ಕೆಂದಿತು. ಅಷ್ಟು ಬಿಗಿ ಇರುವುದೇ ಸರಿಯಂತೆ. ಅಮ್ಮ ಟಾರ್ಚ್ ಹಿಡಿದು ನಿಂತಿದ್ರು.

ಈ ಐ3, ಆ ಐ5 ಎರಡಕ್ಕೂ ಸಾಕೆಟ್ ಒಂದೇ, ಎಲ್‌ಜಿಎ 1700. ತಂಗಿಗೆ ಮುಂದೆ ಬೇಕಾದ್ರೆ ಇದೇ ಬೋರ್ಡಿಗೆ ಐ5 ಕೂರಿಸಬಹುದು. ಸದ್ಯ ಅವಳು ಟ್ಯಾಲಿ ತೆರೆದು ಕೂತಿದ್ದಾಳೆ.