ಥೈರೋಗ್ಲೋಬುಲಿನ್ ಕಾಣದಷ್ಟು ಕಡಿಮೆ, ಆಂಟಿಬಾಡಿ ಏರಿಕೆ, ಬಿ-ರಾಫ್ ಪಾಸಿಟಿವ್: ಮರುಕಳಿಕೆಯ ಅಪಾಯ ಅಂದಾಜಿಸುವುದು ಹೇಗೆ?

ಕಂಠಮಣಿ (ಪ್ರಶ್ನೆ):

ಚರ್ಚೆಗೆಂದು ಹೀಗೊಂದು ಕೇಸ್ ಇಟ್ಟುಕೊಳ್ಳೋಣ. 46 ವರ್ಷದ ಮಹಿಳೆ, ಪ್ಯಾಪಿಲ್ಲರಿ ಥೈರಾಯ್ಡ್ ಕ್ಯಾನ್ಸರ್, ಗೆಡ್ಡೆ 2.6 ಸೆಂ.ಮೀ. ತೆಗೆದ 8 ಲಿಂಫ್ ನೋಡ್‌ಗಳ ಪೈಕಿ 3ರಲ್ಲಿ ಕ್ಯಾನ್ಸರ್ ಇತ್ತು. ಥೈರಾಯ್ಡ್ ಪೂರ್ತಿ ತೆಗೆದು ರೇಡಿಯೋ ಅಯೋಡಿನ್ ಕೊಟ್ಟಾಗಿದೆ. ಗೆಡ್ಡೆಯ ಜೀನ್ ಪರೀಕ್ಷೆಯಲ್ಲಿ ಬಿ-ರಾಫ್ ವಿ600ಇ (BRAF ಜೀನ್‌ನ ಮ್ಯುಟೇಷನ್) ಪಾಸಿಟಿವ್, ಟರ್ಟ್ (TERT) ಪ್ರಮೋಟರ್ ಮ್ಯುಟೇಷನ್ ನೆಗೆಟಿವ್. ಅಕ್ಕಪಕ್ಕದ ಅಂಗಾಂಶದಲ್ಲಿ ಹಾಶಿಮೋಟೋ ಥೈರಾಯ್ಡೈಟಿಸ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಉರಿಯೂತ).

ಥೈರಾಯ್ಡ್ ಕೋಶಗಳು ಮಾತ್ರ ಮಾಡುವ ಪ್ರೋಟೀನ್ ಆದ ಥೈರೋಗ್ಲೋಬುಲಿನ್ (ಟಿಜಿ) ಮೂರು ಸಲವೂ 0.1 ನ್ಯಾನೋಗ್ರಾಂ/ಮಿಲಿಗಿಂತ ಕಡಿಮೆ. ಆದರೆ ಟಿಜಿಗೆ ವಿರುದ್ಧ ದೇಹವೇ ಮಾಡುವ ಆಂಟಿ-ಟಿಜಿ ಆಂಟಿಬಾಡಿ 6ನೇ ತಿಂಗಳಲ್ಲಿ 340, 12ನೇ ತಿಂಗಳಲ್ಲಿ 210, 18ನೇ ತಿಂಗಳಲ್ಲಿ 395. ಕೊನೆಯ ಸ್ಯಾಂಪಲ್ ಬೇರೆ ಲ್ಯಾಬಿನದು. ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು) ಮೊದಲೆರಡು ಸಲ 0.3 ಇದ್ದದ್ದು ಈಗ 0.04, ಥೈರಾಕ್ಸಿನ್ ಮಾತ್ರೆಯ ಡೋಸ್ ಬದಲಾಗಿಲ್ಲ. ಟಿಜಿ ಇಷ್ಟು ಕಡಿಮೆ ಇರುವುದರಿಂದ ನಿಶ್ಚಿಂತೆ ಎನ್ನಬಹುದೇ? ಬಿ-ರಾಫ್ ಪಾಸಿಟಿವ್ ಎಂಬುದಕ್ಕೆ ಎಷ್ಟು ತೂಕ ಕೊಡಬೇಕು?

ಸೀರಮ್ ಬೆಂಚ್:

ನಿಶ್ಚಿಂತೆ ಎನ್ನಲು ಬರುವುದಿಲ್ಲ. ಹಾಗೆಂದು 395 ನೋಡಿ ಮರುಕಳಿಸಿದೆ ಎಂದೂ ಬರೆಯಬೇಡಿ. ಎರಡಕ್ಕೂ ಕಾರಣ ಪರೀಕ್ಷೆಯ ವಿಧಾನದಲ್ಲೇ ಇದೆ.

ಈಗಿನ ಬಹುತೇಕ ಟಿಜಿ ಪರೀಕ್ಷೆಗಳು ಸ್ಯಾಂಡ್‌ವಿಚ್ ವಿಧಾನದವು. ಒಂದು ಆಂಟಿಬಾಡಿ ಟಿಜಿಯನ್ನು ಹಿಡಿದಿಡುತ್ತದೆ, ಇನ್ನೊಂದು ಅದಕ್ಕೆ ಅಂಟಿಕೊಂಡು ಸಿಗ್ನಲ್ ಕೊಡುತ್ತದೆ. ರೋಗಿಯ ರಕ್ತದಲ್ಲಿರುವ ಆಂಟಿ-ಟಿಜಿ ಮೊದಲೇ ಹೋಗಿ ಟಿಜಿಯನ್ನು ಮುಚ್ಚಿಕೊಂಡರೆ ಸ್ಯಾಂಡ್‌ವಿಚ್ ಆಗುವುದೇ ಇಲ್ಲ. ಟಿಜಿ ಇದ್ದರೂ ಮಷೀನು ಕಡಿಮೆ ತೋರಿಸುತ್ತದೆ. ಥೈರಾಯ್ಡ್ ಕ್ಯಾನ್ಸರ್ ರೋಗಿಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಈ ಆಂಟಿಬಾಡಿ ಇರುತ್ತದೆ, ಹಾಶಿಮೋಟೋ ಇದ್ದವರಲ್ಲಿ ಇನ್ನೂ ಹೆಚ್ಚು. ಅದಕ್ಕೇ ಆಂಟಿ-ಟಿಜಿ ಇಲ್ಲದ ಟಿಜಿ ರಿಪೋರ್ಟನ್ನು ಅರ್ಧ ರಿಪೋರ್ಟ್ ಎಂದೇ ತಿಳಿಯಬೇಕು.

ಈ ಕೇಸಿನಲ್ಲಿ ಟಿಜಿ ಬದಲು ಆಂಟಿಬಾಡಿಯನ್ನೇ ಮಾರ್ಕರ್ ಆಗಿ ಹಿಂಬಾಲಿಸಬೇಕು. ಥೈರಾಯ್ಡ್ ಅಂಗಾಂಶ ಉಳಿದಿಲ್ಲದಿದ್ದರೆ ಅದು ನಿಧಾನವಾಗಿ ಇಳಿಯುತ್ತದೆ. ಪೂರ್ತಿ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಆಸುಪಾಸು ಬೇಕು. ಮೊದಲ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದವರಲ್ಲಿ ಮರುಕಳಿಕೆ ಅಪರೂಪ. ಇಲ್ಲಿ 340ರಿಂದ 210, ಅಂದರೆ ಶೇ. 38 ಇಳಿಕೆ. ದಿಕ್ಕು ಸರಿಯಿದೆ, ವೇಗ ಸಾಲದು.

ಇನ್ನು 395. ಆಂಟಿ-ಟಿಜಿ ಮಟ್ಟ ಕಂಪನಿಯಿಂದ ಕಂಪನಿಗೆ ಹತ್ತು ಪಟ್ಟಿಗೂ ಮೀರಿ ವ್ಯತ್ಯಾಸವಾಗಬಹುದು. ಎಲ್ಲರೂ ಐಯು/ಮಿಲಿ ಎಂದೇ ಬರೆದರೂ ಆ ಅಂಕಿಗಳನ್ನು ಒಂದೇ ಗ್ರಾಫಿನಲ್ಲಿ ಹಾಕುವಂತಿಲ್ಲ. ಮಾಡಬೇಕಾದ್ದು: ಹೊಸ ಸ್ಯಾಂಪಲನ್ನು ಹಳೇ ಲ್ಯಾಬಿಗೇ ಕಳಿಸಿ. 12ನೇ ತಿಂಗಳ ಸೀರಮ್ ಫ್ರೀಜರ್‌ನಲ್ಲಿ ಉಳಿದಿದ್ದರೆ ಎರಡನ್ನೂ ಒಂದೇ ರನ್‌ನಲ್ಲಿ ಹಾಕಿಸಿ. ಆಗ ಸಿಗುವ ವ್ಯತ್ಯಾಸ ಮಾತ್ರ ನಂಬಲರ್ಹ.

ಟಿಎಸ್‌ಎಚ್ ಡೋಸ್ ಬದಲಾಗದೆ 0.04ಕ್ಕೆ ಇಳಿದದ್ದು ನನ್ನ ಗಮನ ಸೆಳೆಯಿತು. ಕೂದಲು-ಉಗುರಿನ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಕೇಳಿ. ಅವುಗಳಲ್ಲಿ 5ರಿಂದ 10 ಮಿ.ಗ್ರಾಂ ಬಯೋಟಿನ್ ಎಂಬ ವಿಟಮಿನ್ ಇರುವುದು ಸಾಮಾನ್ಯ. ಆಂಟಿಬಾಡಿಯನ್ನು ಹಿಡಿದಿಡಲು ಬಯೋಟಿನ್-ಸ್ಟ್ರೆಪ್ಟಾವಿಡಿನ್ ಜೋಡಿ ಬಳಸುವ ಕಿಟ್‌ಗಳಲ್ಲಿ ಅದು ಸ್ಯಾಂಡ್‌ವಿಚ್ ಪರೀಕ್ಷೆಗಳನ್ನು (ಟಿಜಿ, ಟಿಎಸ್‌ಎಚ್) ಸುಳ್ಳಾಗಿ ಇಳಿಸುತ್ತದೆ, ಕಾಂಪಿಟಿಟಿವ್ ಪರೀಕ್ಷೆಗಳನ್ನು, ಅಂದರೆ ಅಳೆಯುವ ವಸ್ತು ಹೆಚ್ಚಿದಷ್ಟೂ ಸಿಗ್ನಲ್ ಇಳಿಯುವಂಥವನ್ನು (ಕೆಲವು ಆಂಟಿ-ಟಿಜಿ ಕಿಟ್‌ಗಳು, ಫ್ರೀ ಟಿ4) ಸುಳ್ಳಾಗಿ ಏರಿಸುತ್ತದೆ. ನಿಮ್ಮ ಕೊನೆಯ ರಿಪೋರ್ಟಿನ ಚಿತ್ರ ಅದಕ್ಕೆ ಸರಿಯಾಗಿ ಹೊಂದುತ್ತದೆ. ರಕ್ತ ಕೊಡುವ ಮುನ್ನ ಕನಿಷ್ಠ ಎರಡು ದಿನ ನಿಲ್ಲಿಸಲಿ, ಡೋಸ್ ದೊಡ್ಡದಿದ್ದರೆ ಇನ್ನೂ ಹೆಚ್ಚು ದಿನ. ಇದನ್ನು ಕೇಳದೆ ಥೈರಾಕ್ಸಿನ್ ಡೋಸ್ ಇಳಿಸಿಬಿಟ್ಟರೆ ರೋಗಿಗೆ ಅನ್ಯಾಯವಾಗುತ್ತದೆ.

ಸ್ಲೈಡ್ ಟ್ರೇ:

ಬಿ-ರಾಫ್ ಬಗ್ಗೆ. ಪ್ಯಾಪಿಲ್ಲರಿ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ವಿ600ಇ ಇದ್ದೇ ಇರುತ್ತದೆ. ಅರ್ಧದಷ್ಟು ಜನರಲ್ಲಿ ಇರುವ ಗುರುತು ಒಬ್ಬ ರೋಗಿಯ ಭವಿಷ್ಯವನ್ನು ಒಂಟಿಯಾಗಿ ಹೇಳಲಾರದು. 2013ರಲ್ಲಿ ಪ್ರಕಟವಾದ 1849 ರೋಗಿಗಳ ಬಹುಕೇಂದ್ರ ಅಧ್ಯಯನದಲ್ಲಿ ಸಾವಿನ ಪ್ರಮಾಣ ಪಾಸಿಟಿವ್ ಇದ್ದವರಲ್ಲಿ ಶೇ. 5.3, ಇಲ್ಲದವರಲ್ಲಿ ಶೇ. 1.1 ಇತ್ತು. ಆದರೆ ನೋಡ್‌ಗೆ ಹರಡಿದ್ದು, ಗ್ರಂಥಿಯಾಚೆ ಚಾಚಿದ್ದು, ದೂರದ ಅಂಗಕ್ಕೆ ಹೋದದ್ದು ಇವನ್ನೂ ಲೆಕ್ಕಕ್ಕೆ ಸೇರಿಸಿದಾಗ ಬಿ-ರಾಫ್‌ನ ಸ್ವತಂತ್ರ ಪ್ರಭಾವ ಉಳಿಯಲಿಲ್ಲ. ನೋಡ್‌ಗಳ ವಿವರ ಕೈಯಲ್ಲಿರುವಾಗ ಬಿ-ರಾಫ್ ಅದಕ್ಕೆ ಸೇರಿಸುವುದು ಸ್ವಲ್ಪವೇ.

ನಿಜವಾಗಿ ಹೆದರಬೇಕಾದದ್ದು ಬಿ-ರಾಫ್ ಮತ್ತು ಟರ್ಟ್ ಎರಡೂ ಒಟ್ಟಿಗೆ ಇದ್ದಾಗ. ಹಾಗಾಗಿ ಟರ್ಟ್ ನೆಗೆಟಿವ್ ಎಂಬುದನ್ನು ಒಮ್ಮೆ ಪರಿಶೀಲಿಸಿ. ಹಾಶಿಮೋಟೋ ಇರುವ ಬ್ಲಾಕಿನಲ್ಲಿ (ಮೇಣದಲ್ಲಿ ಕೂರಿಸಿದ ಅಂಗಾಂಶದ ತುಂಡು) ಲಿಂಫೋಸೈಟ್‌ಗಳ ಡಿಎನ್‌ಎ ತುಂಬಿಕೊಂಡು ಗೆಡ್ಡೆಯ ಡಿಎನ್‌ಎ ತೆಳುವಾಗುತ್ತದೆ. ಡಿಎನ್‌ಎ ಓದುವ ಸ್ಯಾಂಗರ್ ವಿಧಾನಕ್ಕೆ ಮ್ಯುಟೇಷನ್ ಶೇ. 15-20ರಷ್ಟಾದರೂ ಇರಬೇಕು, ಅದಕ್ಕಿಂತ ಕಡಿಮೆಯಿದ್ದರೆ ನೆಗೆಟಿವ್ ಎಂದೇ ಬರುತ್ತದೆ. ರಿಪೋರ್ಟಿನಲ್ಲಿ ಗೆಡ್ಡೆಯ ಕೋಶಗಳು ಶೇಕಡಾ ಎಷ್ಟು ಎಂದು ಬರೆದಿದ್ದಾರೆಯೇ, ಟರ್ಟ್‌ನ ಸಿ228ಟಿ ಮತ್ತು ಸಿ250ಟಿ ಎರಡೂ ಜಾಗ ನೋಡಿದ್ದಾರೆಯೇ ಗಮನಿಸಿ. ಕ್ಯಾಲ್ಸಿಯಂ ಕಟ್ಟಿದ ಗೆಡ್ಡೆಯನ್ನು ಆಸಿಡ್‌ನಲ್ಲಿ ಮೆದು ಮಾಡಿದ ಬ್ಲಾಕ್ ಆಗಿದ್ದರೆ ಡಿಎನ್‌ಎ ಹಾಳಾಗಿರುತ್ತದೆ, ಬೇರೆ ಬ್ಲಾಕ್ ಕೊಡಿ.

ಜೀನ್‌ಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ಆ 3 ನೋಡ್‌ಗಳಲ್ಲಿ ಕ್ಯಾನ್ಸರ್ ಎಷ್ಟು ದೊಡ್ಡದಿತ್ತು? ಎಲ್ಲವೂ 2 ಮಿ.ಮೀ.ಗಿಂತ ಚಿಕ್ಕವಾದರೆ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್‌ನ 2015ರ ಮಾರ್ಗಸೂಚಿಯಂತೆ ಮರುಕಳಿಕೆಯ ಅಪಾಯ ಕಡಿಮೆ ಗುಂಪಿಗೇ ಸೇರುತ್ತದೆ. ಈ ಅಳತೆಯನ್ನು ಹಲವು ರಿಪೋರ್ಟ್‌ಗಳು ಬಿಟ್ಟೇಬಿಡುತ್ತವೆ, ಬೇಸರದ ಸಂಗತಿ. ಈ ರೋಗಿಯದು ಸ್ಟೇಜ್ 1 ಎಂಬುದರಿಂದಲೂ ಉತ್ತರ ಸಿಗದು; ಸ್ಟೇಜ್ ಹೇಳುವುದು ಸಾವಿನ ಅಪಾಯವನ್ನು, ಮರುಕಳಿಕೆಯದನ್ನಲ್ಲ.

ಗಂಟಲಗೂಡು:

ಸೀರಮ್ ಬೆಂಚ್ ಅವರ ಮಾತಿಗೆ ಸೇರಿಸುತ್ತೇನೆ. ಆಂಟಿಬಾಡಿ ಇಲ್ಲದವರಲ್ಲಿ ದಾರಿ ಸಲೀಸು: ಥೈರಾಕ್ಸಿನ್ ಮೇಲಿರುವಾಗ ಟಿಜಿ 0.2ಕ್ಕಿಂತ ಕಡಿಮೆ, ಸ್ಕ್ಯಾನಿಂಗ್ ಚೊಕ್ಕ ಎಂದಾದರೆ ಚಿಕಿತ್ಸೆಗೆ ಉತ್ತಮ ಪ್ರತಿಕ್ರಿಯೆ, ಮರುಕಳಿಕೆ ಶೇ. 1-4. ಟಿಜಿ 1 ಅಥವಾ ಹೆಚ್ಚಿದ್ದು ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದವರಲ್ಲಿ ಸುಮಾರು ಶೇ. 20ರಷ್ಟು ಜನರಿಗೆ ಮುಂದೆ ಗೆಡ್ಡೆ ಕಾಣಿಸಿಕೊಳ್ಳುತ್ತದೆ, ಶೇ. 30ರಷ್ಟು ಜನರಲ್ಲಿ ಚಿಕಿತ್ಸೆಯಿಲ್ಲದೆಯೇ ತಾನಾಗಿ ಸರಿಹೋಗುತ್ತದೆ. ನಿಮ್ಮ ರೋಗಿಯನ್ನು ಸದ್ಯಕ್ಕೆ ಅನಿಶ್ಚಿತ ಗುಂಪಿನಲ್ಲಿಡಿ. ಅದೇ ಲ್ಯಾಬಿನಲ್ಲೂ ಏರಿಕೆ ಖಚಿತವಾದರೆ ಬಯೋಕೆಮಿಕಲ್ ಇನ್‌ಕಂಪ್ಲೀಟ್ ಗುಂಪು (ರಕ್ತಪರೀಕ್ಷೆಯಲ್ಲಿ ಅನುಮಾನ, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದು).

ಅದಕ್ಕೆ ಕಾಯದೆ ಕತ್ತಿನ ಅಲ್ಟ್ರಾಸೌಂಡ್ ಈಗಲೇ ಮಾಡಿಸಿ. ಅನುಮಾನದ ನೋಡ್‌ನ ಅತಿ ಚಿಕ್ಕ ಅಳತೆಯೇ 8-10 ಮಿ.ಮೀ. ದಾಟಿದ್ದರೆ ಎಫ್‌ಎನ್‌ಎಸಿ (ತೆಳು ಸೂಜಿಯಿಂದ ಕೋಶ ತೆಗೆದು ನೋಡುವುದು), ಜೊತೆಗೆ ವಾಷ್‌ಔಟ್ ಟಿಜಿ (ಸೂಜಿ ತೊಳೆದ ದ್ರವದಲ್ಲಿ ಟಿಜಿ ಅಳೆಯುವುದು). ಸ್ಲೈಡಿಗೆ ಹಾಕಿದ ಕೂಡಲೇ ಅದೇ ಸೂಜಿಯನ್ನು 1 ಮಿಲಿ ನಾರ್ಮಲ್ ಸಲೈನ್‌ನಲ್ಲಿ ತೊಳೆಯಬೇಕು. ಸೂಜಿ ಒಣಗಿದರೆ, 1 ಮಿಲಿ ಬದಲು 3 ಮಿಲಿ ಹಾಕಿದರೆ ಅಂಕಿ ತಾನಾಗಿ ಇಳಿಯುತ್ತದೆ. 1ಕ್ಕಿಂತ ಕಡಿಮೆ ಬಂದರೆ ಸಮಾಧಾನ, 10 ದಾಟಿದರೆ ಕ್ಯಾನ್ಸರ್ ಇರುವ ಸಾಧ್ಯತೆ ಹೆಚ್ಚು. ಮಧ್ಯದಲ್ಲಿದ್ದರೆ ಸ್ಲೈಡಿನ ಜೊತೆ ಇಟ್ಟು ಓದಬೇಕು.

ಕಂಠಮಣಿ:

ಬಯೋಟಿನ್ ವಿಚಾರ ಹೊಳೆದಿರಲಿಲ್ಲ, ಕೇಳಿ ನೋಡುತ್ತೇನೆ. ಆಂಟಿಬಾಡಿ ಕಾಟ ತಪ್ಪಿಸಲು ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಟಿಜಿ ಮಾಡಿಸಿದರೆ? ಥೈರಾಯ್ಡ್ ಕ್ಯಾನ್ಸರಿನ ಮೆಡುಲ್ಲರಿ ಬಗೆಯಲ್ಲಿ ಡಬ್ಲಿಂಗ್ ಟೈಮ್ (ಮಾರ್ಕರ್ ಎರಡು ಪಟ್ಟಾಗಲು ಬೇಕಾದ ಸಮಯ) ಲೆಕ್ಕ ಹಾಕುವ ಹಾಗೆ ಇಲ್ಲಿಯೂ ಮಾಡಬಹುದೇ?

ಸೀರಮ್ ಬೆಂಚ್:

ಮಾಸ್ ಸ್ಪೆಕ್‌ನಲ್ಲಿ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಆಂಟಿಬಾಡಿ ಸಮೇತ ಎಲ್ಲವನ್ನೂ ತುಂಡರಿಸಿ ಟಿಜಿಯ ಪೆಪ್ಟೈಡ್ ಅಳೆಯುತ್ತಾರೆ, ಹಾಗಾಗಿ ಅಡ್ಡಿ ತಪ್ಪುತ್ತದೆ. ಅಲ್ಲಿ ಟಿಜಿ ಕಂಡುಬಂದರೆ ನಂಬಿ. ಕಾಣದಿದ್ದರೆ ನಿರಾಳ ಎನ್ನಬೇಡಿ: ಆಂಟಿಬಾಡಿ ಇರುವ ಕೆಲವರಲ್ಲಿ ಗೆಡ್ಡೆ ಕಣ್ಣಿಗೆ ಕಾಣುವಂತಿದ್ದರೂ ಅದು ನೆಗೆಟಿವ್ ಬರುತ್ತದೆ.

ಡಬ್ಲಿಂಗ್ ಟೈಮ್‌ಗೆ ಅಳೆಯಬಹುದಾದ ಅಂಕಿ ಬೇಕು, 0.1ರ ಕೆಳಗಿನದಕ್ಕೆ ಲೆಕ್ಕವೇ ಇಲ್ಲ. ಮೆಡುಲ್ಲರಿಯಲ್ಲಿ ಆ ಗೆಡ್ಡೆಯೇ ಸ್ರವಿಸುವ ಕ್ಯಾಲ್ಸಿಟೋನಿನ್ ಸಾಕಷ್ಟು ಸಿಗುವುದರಿಂದ ಅಲ್ಲಿ ಇದು ಬಲವಾದ ಸೂಚಕ. ಸೂತ್ರ: 0.693 × ನಡುವಿನ ತಿಂಗಳುಗಳು ÷ (ಎರಡನೇ ಅಂಕಿ ÷ ಮೊದಲ ಅಂಕಿ)ಯ ನ್ಯಾಚುರಲ್ ಲಾಗ್. 8 ತಿಂಗಳಲ್ಲಿ 220ರಿಂದ 310 ಆಗಿದ್ದರೆ ಸುಮಾರು 16 ತಿಂಗಳು. ಎರಡೇ ಅಂಕಿಯಿಂದ ತೀರ್ಮಾನಿಸಬೇಡಿ, ಕನಿಷ್ಠ ನಾಲ್ಕು ಇರಲಿ. 2005ರ ಒಂದು ಅಧ್ಯಯನದಲ್ಲಿ ಡಬ್ಲಿಂಗ್ ಟೈಮ್ 6 ತಿಂಗಳಿಗಿಂತ ಕಡಿಮೆ ಇದ್ದವರ 5 ವರ್ಷದ ಬದುಕುಳಿಕೆ ಶೇ. 25, 6 ತಿಂಗಳಿಂದ 2 ವರ್ಷ ಇದ್ದವರದು ಶೇ. 92. ಸಿಇಎ ಎಂಬ ಇನ್ನೊಂದು ಮಾರ್ಕರನ್ನೂ ಜೊತೆಗೆ ನೋಡಿ. ಕ್ಯಾಲ್ಸಿಟೋನಿನ್ ಇಳಿಯುತ್ತಾ ಸಿಇಎ ಏರುತ್ತಿದ್ದರೆ ಗೆಡ್ಡೆ ಉಗ್ರವಾಗುತ್ತಿರುವ ಲಕ್ಷಣ. ಕ್ಯಾಲ್ಸಿಟೋನಿನ್ ಬೇಗ ಕೆಡುವ ಹಾರ್ಮೋನು. ಜಿಲ್ಲಾ ಕೇಂದ್ರದಿಂದ ಬೆಂಗಳೂರಿಗೆ ಕಳಿಸುವುದಿದ್ದರೆ ಸೀರಮ್ ಬೇಗ ಬೇರ್ಪಡಿಸಿ, ಫ್ರೀಜ್ ಮಾಡಿಯೇ ಕಳಿಸಿ.